ಸ್ಟಾರ್ಟ್ ಮೆನು ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಹೊಡೆಸುವ ಮೊದಲು ಇಷ್ಟು ನೋಡಿ

ಮಳೆಗಾಲ ಹಿಡಿಯಿತೆಂದರೆ ಕಾರವಾರದಿಂದ ಭಟ್ಕಳದವರೆಗೂ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯೂ ಕಂಪ್ಯೂಟರ್ ರಿಪೇರಿಯವರಿಗೆ ಬರುವ ದೂರು ಒಂದೇ ನಮೂನೆ: "ಮಷೀನ್ ಆನ್ ಆಗ್ತದೆ, ಡೆಸ್ಕ್‌ಟಾಪ್ ಬರ್ತದೆ, ಸ್ಟಾರ್ಟ್ ಒತ್ತಿದ್ರೆ ಮಾತ್ರ ಏನೂ ಆಗೂದಿಲ್ಲ." ಪೇಟೆಗೆ ಒಯ್ದರೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ, ಫಾರ್ಮ್ಯಾಟ್ ಹೊಡೆಯಬೇಕು, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದು. ಹತ್ತರಲ್ಲಿ ಎಂಟು ಸಲ ಅದರ ಅಗತ್ಯ ಇರುವುದಿಲ್ಲ ಎಂಬುದು ನಮ್ಮ ಅಂದಾಜು. ಫಾರ್ಮ್ಯಾಟ್ ಮಾಡಿದರೆ ಸ್ಟಾರ್ಟ್ ಮೆನು ಸರಿಯಾಗುತ್ತದೆ, ನಿಜ. ಜೊತೆಗೆ ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್, ಡಿಜಿಟಲ್ ಸಹಿಯ ಟೋಕನ್ ಸಾಫ್ಟ್‌ವೇರ್ ಎಲ್ಲವನ್ನೂ ಮತ್ತೆ ಕೂರಿಸಿಕೊಳ್ಳುವ ಕೆಲಸ ತಲೆಗೆ ಬರುತ್ತದೆ.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ರೀತಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ನುಡಿ ಅಥವಾ ಬೇರೆ ಯಾವುದೇ ಕನ್ನಡ ಕೀಲಿಮಣೆ ಆನ್ ಇದ್ದರೆ ಮೊದಲು ಆಫ್ ಮಾಡಿಕೊಳ್ಳಿ. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ನಡೆಯುತ್ತದೆ. ಸ್ಪೇಸ್ ಎಂದಲ್ಲಿ ಸ್ಪೇಸ್ ಬಿಡಲೇಬೇಕು, ಹೇಳದ ಕಡೆ ಬಿಡಬಾರದು. ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀ ಮೇಲಿರುವ ಗೆರೆ. ಎಂಟರ್ ಕೀ ಹತ್ತಿರದ ಹಿಮ್ಮುಖ ಗೆರೆ ಅಲ್ಲ.

ಮೊದಲು ತಪ್ಪು ಎಲ್ಲಿದೆ ಎಂದು ಹಿಡಿಯಿರಿ

"ಸ್ಟಾರ್ಟ್ ಬರೂದಿಲ್ಲ" ಎಂಬ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಎರಡು ನಿಮಿಷ ಕೊಟ್ಟು ಇಷ್ಟು ಪರೀಕ್ಷೆ ಮಾಡಿದರೆ ಮುಂದಿನ ಎರಡು ಗಂಟೆ ಉಳಿಯುತ್ತದೆ.

ವಿಂಡೋಸ್ ಕೀ ಒತ್ತಿ ಹಿಡಿದು ಇ ಒತ್ತಿ. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಕೀ ಸರಿ ಇದೆ. ತೆರೆಯದಿದ್ದರೆ, ಆದರೆ ಮೌಸ್‌ನಿಂದ ಸ್ಟಾರ್ಟ್ ಬಟನ್ ಒತ್ತಿದಾಗ ಮೆನು ಬಂದರೆ, ತೊಂದರೆ ಕೀಬೋರ್ಡಿನದು. ಗೇಮಿಂಗ್ ಕೀಬೋರ್ಡುಗಳಲ್ಲಿ ವಿಂಡೋಸ್ ಕೀ ಲಾಕ್ ಎಂದೇ ಒಂದು ಸೌಲಭ್ಯ ಇರುತ್ತದೆ. ಹೆಚ್ಚಾಗಿ ಎಫ್‌ಎನ್ ಮತ್ತು ವಿಂಡೋಸ್ ಕೀ ಒಟ್ಟಿಗೆ ಒತ್ತಿದರೆ ಅದು ಬಿಡುತ್ತದೆ. ಹುಡುಗರು ಆಟವಾಡಿ ಎದ್ದ ಮೇಲೆ ಸ್ಟಾರ್ಟ್ ಕೆಟ್ಟಿದೆ ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಕೀ ನಿಜವಾಗಿ ಸತ್ತಿದ್ದರೆ ಹೊಸ ಕೀಬೋರ್ಡ್ ಬರುವವರೆಗೆ ಕಂಟ್ರೋಲ್ ಹಿಡಿದು ಎಸ್ಕೇಪ್ ಒತ್ತಿ. ಅದೂ ಸ್ಟಾರ್ಟ್ ಮೆನುವನ್ನೇ ತೆರೆಯುತ್ತದೆ.

ಈಗ ಸ್ಟಾರ್ಟ್ ಬಟನ್ ಮೇಲೆ ಮೌಸ್‌ನ ಬಲಗಡೆ ಒತ್ತಿ. ಡಿವೈಸ್ ಮ್ಯಾನೇಜರ್, ಡಿಸ್ಕ್ ಮ್ಯಾನೇಜ್‌ಮೆಂಟ್ ಇತ್ಯಾದಿ ಇರುವ ಉದ್ದನೆಯ ಪಟ್ಟಿ ಬರಬೇಕು. ಈ ಪಟ್ಟಿಯನ್ನು ತೋರಿಸುವುದು ಎಕ್ಸ್‌ಪ್ಲೋರರ್, ಅಂದರೆ ಟಾಸ್ಕ್‌ಬಾರ್ ಮತ್ತು ಡೆಸ್ಕ್‌ಟಾಪ್ ನೋಡಿಕೊಳ್ಳುವ ಪ್ರೋಗ್ರಾಮ್. ಎಡಗಡೆ ಒತ್ತಿದಾಗ ಬರುವ ಮೆನು ಬೇರೆಯದೇ ಪ್ರೋಗ್ರಾಮ್: 2019ರ 1903 ಆವೃತ್ತಿಯಿಂದ ಈಚೆಗೆ ಅದು ಸ್ಟಾರ್ಟ್‌ಮೆನು ಎಕ್ಸ್‌ಪೀರಿಯೆನ್ಸ್ ಹೋಸ್ಟ್ ಎಂಬ ಸ್ವತಂತ್ರ ಪ್ರೋಸೆಸ್. ಬಲಗಡೆಯ ಪಟ್ಟಿ ಬಂದು ಎಡಗಡೆಯ ಮೆನು ಬಾರದಿದ್ದರೆ ಕೆಟ್ಟಿರುವುದು ಸ್ಟಾರ್ಟ್ ಮಾತ್ರ. ಎರಡೂ ಬಾರದೆ, ಮೂಲೆಯ ಗಡಿಯಾರವೂ ನಿಂತೇ ಇದ್ದರೆ ಎಕ್ಸ್‌ಪ್ಲೋರರ್ ಹಿಡಿದುಕೊಂಡಿದೆ. ಮೆನು ಬರುತ್ತದೆ, ಹುಡುಕಲು ಟೈಪ್ ಮಾಡಿದರೆ ಅಕ್ಷರ ಬೀಳುವುದಿಲ್ಲ ಎಂದಾದರೆ ಅದು ಮೂರನೆಯ ಕಾಯಿಲೆ. ಎಲ್ಲವೂ ಬರುತ್ತದೆ, ಒಂದು ನಿಮಿಷ ಕಾಯಬೇಕು ಎಂದಾದರೆ ಸ್ಟಾರ್ಟ್ ಮೆನುವಿನ ತಪ್ಪೇ ಅಲ್ಲ, ಡಿಸ್ಕ್ ಕಡೆ ನೋಡಿ.

ರೀಸ್ಟಾರ್ಟ್ ಬೇರೆ, ಶಟ್‌ಡೌನ್ ಬೇರೆ

"ಹತ್ತು ಸಲ ಆಫ್ ಮಾಡಿ ಆನ್ ಮಾಡಿಯಾಯ್ತು" ಎನ್ನುವವರು ಗಮನಿಸಬೇಕಾದದ್ದು ಇದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಹೆಚ್ಚಿನ ಮಷೀನ್‌ಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ಅದು ಇದ್ದಾಗ ಶಟ್‌ಡೌನ್ ಕೊಟ್ಟರೆ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮಾರನೆಯ ದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಏಳಬಹುದು. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಸ್ಟಾರ್ಟ್ ಇಲ್ಲದೆ ರೀಸ್ಟಾರ್ಟ್ ಮಾಡುವುದು ಹೀಗೆ: ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಕೆಳಗೆ ಬಲಮೂಲೆಯ ಪವರ್ ಚಿಹ್ನೆ ಒತ್ತಿ, ರೀಸ್ಟಾರ್ಟ್ ಆರಿಸಿ. ಡೆಸ್ಕ್‌ಟಾಪ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಆಲ್ಟ್ ಹಿಡಿದು ಎಫ್4 ಒತ್ತಿದರೂ ಅದೇ ಆಯ್ಕೆ ಸಿಗುತ್ತದೆ. ಪವರ್ ಬಟನ್ ಒತ್ತಿ ಹಿಡಿಯುವುದು ಬೇಡ. ಆ ಹೊತ್ತಿಗೆ ಅಪ್‌ಡೇಟ್ ನಡೆಯುತ್ತಿದ್ದರೆ ಇದ್ದದ್ದೂ ಕೆಡುತ್ತದೆ.

ಎರಡು ಪ್ರೋಸೆಸ್‌ಗಳಿಗೆ ಮರುಜೀವ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಇದೇ ಬಾಗಿಲು. ವಿಂಡೋಸ್ 10ರಲ್ಲಿ ಚಿಕ್ಕ ಕಿಟಕಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ.

ಪ್ರೋಸೆಸಸ್ ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ, ಅದರ ಮೇಲೆ ಬಲಗಡೆ ಒತ್ತಿ ರೀಸ್ಟಾರ್ಟ್ ಆರಿಸಿ. ಪರದೆ ಒಮ್ಮೆ ಮಿಟುಕುತ್ತದೆ, ಟಾಸ್ಕ್‌ಬಾರ್ ಮಾಯವಾಗಿ ಮತ್ತೆ ಬರುತ್ತದೆ. ತೆರೆದಿಟ್ಟ ವರ್ಡ್, ಎಕ್ಸೆಲ್ ಫೈಲುಗಳಿಗೆ ಏನೂ ಆಗುವುದಿಲ್ಲ, ಫೋಲ್ಡರ್ ಕಿಟಕಿಗಳಷ್ಟೇ ಮುಚ್ಚುತ್ತವೆ. ಅಪ್ಪಿತಪ್ಪಿ ಎಂಡ್ ಟಾಸ್ಕ್ ಒತ್ತಿ ಟಾಸ್ಕ್‌ಬಾರ್ ವಾಪಸ್ ಬಾರದಿದ್ದರೆ ಗಾಬರಿಯಾಗಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲೇ ರನ್ ನ್ಯೂ ಟಾಸ್ಕ್ ಎಂಬುದು ಇದೆ (10ರಲ್ಲಿ ಫೈಲ್ ಮೆನುವಿನ ಒಳಗೆ, 11ರಲ್ಲಿ ಮೇಲ್ಗಡೆಯೇ). ಅಲ್ಲಿ ಎಕ್ಸ್‌ಪ್ಲೋರರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ.

ಅಷ್ಟಕ್ಕೂ ಸ್ಟಾರ್ಟ್ ಏಳದಿದ್ದರೆ ಡೀಟೇಲ್ಸ್ ವಿಭಾಗಕ್ಕೆ ಹೋಗಿ. ಹೆಸರುಗಳು ಅಕಾರಾದಿಯಲ್ಲಿರುತ್ತವೆ. ಎಸ್ ಅಕ್ಷರದ ಕೆಳಗೆ ಸ್ಟಾರ್ಟ್‌ಮೆನು ಎಕ್ಸ್‌ಪೀರಿಯೆನ್ಸ್ ಹೋಸ್ಟ್ ಸಿಗುತ್ತದೆ. ಅದನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಇದನ್ನು ಕೊಂದರೆ ಅಪಾಯವಿಲ್ಲ, ಕೆಲವೇ ಕ್ಷಣದಲ್ಲಿ ವಿಂಡೋಸ್ ತಾನೇ ಇನ್ನೊಂದನ್ನು ಎಬ್ಬಿಸುತ್ತದೆ. ಎಬ್ಬಿಸುತ್ತಿದೆಯೇ ಎಂದು ಗಮನಿಸುವುದೇ ಇಲ್ಲಿ ಮುಖ್ಯ. ಹೆಸರು ಮತ್ತೆ ಬಂದು ಅಲ್ಲೇ ನಿಂತರೆ ಒಳ್ಳೆಯದು. ಬಂದು ಎರಡು ಸೆಕೆಂಡಿಗೆ ಮಾಯವಾಗಿ, ಮತ್ತೆ ಬಂದು ಮತ್ತೆ ಮಾಯವಾಗುತ್ತಿದ್ದರೆ ಅದು ಓದಬೇಕಾದ ಯಾವುದೋ ಫೈಲ್ ಹಾಳಾಗಿದೆ ಎಂದು ಅರ್ಥ. ಆಗ ರೀಸ್ಟಾರ್ಟ್ ಎಷ್ಟು ಸಲ ಕೊಟ್ಟರೂ ಉಪಯೋಗವಿಲ್ಲ.

ಟೈಪ್ ಮಾಡಿದರೆ ಅಕ್ಷರ ಬೀಳುತ್ತಿಲ್ಲ

ಮೆನು ತೆರೆದು ಹುಡುಕುವ ಜಾಗ ಮಾತ್ರ ಕಲ್ಲಿನ ಹಾಗೆ ಕೂತಿದ್ದರೆ ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಬರುವ ಚಿಕ್ಕ ಡಬ್ಬಿಯಲ್ಲಿ ಸಿ-ಟಿ-ಎಫ್-ಮಾನ್ (ಕೊನೆಯ ಮೂರು ಅಕ್ಷರ ಎಂ-ಒ-ಎನ್) ಎಂದು ಕೂಡಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಕೀಬೋರ್ಡ್ ಭಾಷೆಗಳನ್ನು ಸಂಭಾಳಿಸುವ ಪ್ರೋಗ್ರಾಮ್ ಅದು. ಮಷೀನ್ ಫಾಸ್ಟ್ ಆಗಲಿ ಎಂದು ಸ್ಟಾರ್ಟಪ್ ಪ್ರೋಗ್ರಾಮ್‌ಗಳನ್ನೆಲ್ಲ ಆಫ್ ಮಾಡಿಸುವ ಕ್ಲೀನರ್ ಸಾಫ್ಟ್‌ವೇರ್ ಹಾಕಿದಲ್ಲಿ ಇದು ಏಳದೇ ಇರುವುದುಂಟು. ಕ್ಲೀನರ್ ತೆಗೆದುಹಾಕಿ.

ಅಕ್ಷರ ಬೀಳುತ್ತದೆ, ಫಲಿತಾಂಶದ ಜಾಗ ಬಿಳಿ ಹಾಳೆ ಎಂದಾದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಸರ್ಚ್‌ಆ್ಯಪ್ (11ರಲ್ಲಿ ಸರ್ಚ್‌ಹೋಸ್ಟ್) ಎಂಬುದನ್ನು ಮುಗಿಸಿ ನೋಡಿ. ಈ ಹುಡುಕಾಟ ಇಂಟರ್ನೆಟ್‌ನಿಂದಲೂ ಫಲಿತಾಂಶ ತರುತ್ತದೆ, ಹಾಗಾಗಿ ತಪ್ಪು ನಿಮ್ಮ ಮಷೀನಿನದೇ ಆಗಬೇಕೆಂದಿಲ್ಲ. 2020ರ ಫೆಬ್ರುವರಿ 5ರಂದು ಮೈಕ್ರೋಸಾಫ್ಟ್ ಸರ್ವರ್ ಕಡೆಯ ತೊಂದರೆಯಿಂದ ಜಗತ್ತಿನಾದ್ಯಂತ ವಿಂಡೋಸ್ 10ರ ಸರ್ಚ್ ಖಾಲಿ ಕಾಣಿಸಿತ್ತು. ಅಕ್ಕಪಕ್ಕದ ಎರಡು ಮೂರು ಮಷೀನ್‌ಗಳಲ್ಲೂ ಒಂದೇ ದಿನ ಹೀಗಾದರೆ ನೆಟ್ ತಪ್ಪಿಸಿ ಒಮ್ಮೆ ಪರೀಕ್ಷಿಸಿ, ರಿಪೇರಿಗೆ ಕೈಹಾಕಬೇಡಿ.

ಸಿ ಡ್ರೈವ್ ತುಂಬಿದೆಯೇ?

ಕಮಾಂಡ್‌ಗಳ ಕಡೆ ಹೋಗುವ ಮೊದಲು ಇದನ್ನು ನೋಡಲೇಬೇಕು, ಯಾಕೆಂದರೆ ತುಂಬಿದ ಡಿಸ್ಕಿನ ಮೇಲೆ ಯಾವ ರಿಪೇರಿಯೂ ನಿಲ್ಲುವುದಿಲ್ಲ. ವಿಂಡೋಸ್ ಕೀ ಮತ್ತು ಇ ಒತ್ತಿ, ಎಡಗಡೆಯ ದಿಸ್ ಪಿಸಿ ಆರಿಸಿ, ಸಿ ಡ್ರೈವ್ ಕೆಳಗಿನ ಪಟ್ಟಿ ಕೆಂಪಾಗಿದೆಯೇ ನೋಡಿ. 20 ಜಿಬಿ ಖಾಲಿ ಇದ್ದರೆ ನೆಮ್ಮದಿ, 5 ಜಿಬಿಗಿಂತ ಕೆಳಗೆ ಇಳಿದಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದು ಖಂಡಿತ. 128 ಜಿಬಿ ಎಸ್‌ಎಸ್‌ಡಿ ಹಾಕಿದ ಝೆರಾಕ್ಸ್ ಅಂಗಡಿ ಮತ್ತು ಸೇವಾ ಕೇಂದ್ರದ ಮಷೀನ್‌ಗಳಲ್ಲಿ ಜಾಗ ತಿನ್ನುವುದು ಡೌನ್‌ಲೋಡ್ಸ್ ಫೋಲ್ಡರ್. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಹಣಿ, ಆಧಾರ್, ಅಂಕಪಟ್ಟಿ ಎಲ್ಲ ವರ್ಷಗಟ್ಟಲೆ ಅಲ್ಲೇ ಕೂತಿರುತ್ತವೆ. (ಬೇರೆಯವರ ಆಧಾರ್ ಪ್ರತಿ ಹಾಗೆ ಇಟ್ಟುಕೊಂಡಿರುವುದೂ ತಪ್ಪೇ.)

ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕ್ಲೀನ್ ಎಂಬುದಕ್ಕೆ ಎಂ-ಜಿ-ಆರ್ ಅಂಟಿಸಿ ಟೈಪ್ ಮಾಡಿದರೆ ಡಿಸ್ಕ್ ಕ್ಲೀನಪ್ ಬರುತ್ತದೆ. ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಟೆಂಪೊರರಿ ಫೈಲ್ಸ್ ಇವುಗಳಿಗೆ ಗುರುತು ಹಾಕಿ. ಇದೇ ಕೆಲಸವನ್ನು ಸೆಟ್ಟಿಂಗ್ಸ್‌ನಿಂದ ಮಾಡುವುದಾದರೆ, ಅಲ್ಲಿನ ಟೆಂಪೊರರಿ ಫೈಲ್ಸ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಒಂದು ಸಾಲಾಗಿ ಕಾಣುತ್ತದೆ. ಅದಕ್ಕೆ ಅರಿವಿಲ್ಲದೆ ಗುರುತು ಬಿದ್ದರೆ ಎಲ್ಲ ಹೋಯಿತು. ಅಳಿಸುವ ಬಟನ್ ಒತ್ತುವ ಮೊದಲು ಒಮ್ಮೆ ಕಣ್ಣಾಡಿಸಿ.

ಸಿಸ್ಟಮ್ ಫೈಲುಗಳ ರಿಪೇರಿ

ಕರೆಂಟ್ ಹೋಗಿ ಬಂದ ಮೇಲೆ ಸ್ಟಾರ್ಟ್ ಕೆಟ್ಟಿದ್ದರೆ ಹೆಚ್ಚಿನ ಸಲ ಉತ್ತರ ಇಲ್ಲೇ ಸಿಗುತ್ತದೆ. ವಿಂಡೋಸ್ ಅಪ್‌ಡೇಟ್ ಆಗುವಾಗ ಹಳೆಯ ಫೈಲ್ ತೆಗೆದು ಹೊಸದನ್ನು ಕೂರಿಸುತ್ತಿರುತ್ತದೆ. ಆ ನಡುವೆ ಪವರ್ ಹೋದರೆ ಕೆಲವು ಫೈಲ್ ಹೊಸದು, ಕೆಲವು ಹಳೆಯದು, ಒಂದೆರಡು ಅರ್ಧಂಬರ್ಧ ಬರೆದವು. ಸ್ಟಾರ್ಟ್ ಮೆನು ಹತ್ತಾರು ತುಣುಕುಗಳ ಮೇಲೆ ನಿಂತಿರುವುದರಿಂದ ಮೊದಲು ಕುಸಿಯುವುದೂ ಅದೇ. ಸೆಟ್ಟಿಂಗ್ಸ್ ಕೂಡ (ವಿಂಡೋಸ್ ಕೀ ಮತ್ತು ಐ) ತೆರೆಯದಿದ್ದರೆ ಈ ಅನುಮಾನ ಗಟ್ಟಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ರನ್ ನ್ಯೂ ಟಾಸ್ಕ್ ಒತ್ತಿ, ಸಿ-ಎಂ-ಡಿ ಟೈಪ್ ಮಾಡಿ, ಕೆಳಗಿನ ಅಡ್ಮಿನಿಸ್ಟ್ರೇಟಿವ್ ಪ್ರಿವಿಲೇಜಸ್ ಎಂಬ ಸಾಲಿಗೆ ಗುರುತು ಹಾಕಿ ಎಂಟರ್ ಒತ್ತಿ. ಆ ಗುರುತು ಮರೆತರೆ ಮುಂದಿನ ಕಮಾಂಡ್‌ಗಳು ಅಡ್ಮಿನಿಸ್ಟ್ರೇಟರ್ ಆಗಬೇಕು ಎಂದು ಹೇಳಿ ನಿಂತುಬಿಡುತ್ತವೆ.

ಮೊದಲ ಕಮಾಂಡ್: ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಇದಕ್ಕೆ ಇಂಟರ್ನೆಟ್ ಬೇಕು. ಹಾಳಾದ ಫೈಲುಗಳ ಒಳ್ಳೆಯ ಪ್ರತಿಯನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರಿಸಿಕೊಳ್ಳುತ್ತದೆ. ಶೇ 20ರಲ್ಲೋ 62.3ರಲ್ಲೋ ಹತ್ತಿಪ್ಪತ್ತು ನಿಮಿಷ ಅಲ್ಲಾಡದೆ ನಿಲ್ಲುವುದು ಇದರ ಸ್ವಭಾವ. ಕೆಟ್ಟುಹೋಯಿತೆಂದು ಕಿಟಕಿ ಮುಚ್ಚಬೇಡಿ.

ಅದು ಮುಗಿದ ಮೇಲೆ ಎರಡನೆಯದು: ಎಸ್-ಎಫ್-ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಸ್ಕ್ಯಾನ್, ನೌ ಎರಡೂ ಒಂದೇ ಪದವಾಗಿ. ಎನ್ ಎರಡು ಸಲ ಬರುತ್ತದೆ. ಹತ್ತರಿಂದ ಮೂವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಈ ಕ್ರಮ ಹಿಂದುಮುಂದಾಗಬಾರದು. ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿ ಹುಡುಕುವುದು ಮಷೀನಿನ ಒಳಗಿನ ಉಗ್ರಾಣದಲ್ಲಿ. ಉಗ್ರಾಣವೇ ಕೆಟ್ಟಿದ್ದರೆ ಅದಕ್ಕೆ ಒಳ್ಳೆಯ ಬದಲಿ ಸಿಗದೆ ಸರಿಪಡಿಸಲು ಆಗುವುದಿಲ್ಲ. ಡಿಐಎಸ್‌ಎಂ ಮೊದಲು ಉಗ್ರಾಣವನ್ನು ಸರಿಮಾಡುತ್ತದೆ.

ಕೊನೆಗೆ ಬರುವ ಸಾಲನ್ನು ಓದಿ. ಯಾವ ದೋಷವೂ ಸಿಗಲಿಲ್ಲ ಎಂದರೆ ಸಿಸ್ಟಮ್ ಫೈಲ್ ಸರಿ ಇವೆ, ತಪ್ಪು ನಿಮ್ಮ ಯೂಸರ್ ಅಕೌಂಟಿನಲ್ಲಿ ಇರಬಹುದು. ಸಿಕ್ಕಿದ್ದನ್ನು ಸರಿಪಡಿಸಿದೆ ಎಂದರೆ ರೀಸ್ಟಾರ್ಟ್ ಕೊಟ್ಟು ನೋಡಿ. ಕೆಲವನ್ನು ಸರಿಪಡಿಸಲು ಆಗಲಿಲ್ಲ ಎಂದರೆ ರೀಸ್ಟಾರ್ಟ್ ಮಾಡಿ ಎರಡೂ ಕಮಾಂಡ್ ಇನ್ನೊಂದು ಸಲ ಓಡಿಸಿ. ಎರಡನೆಯ ಸುತ್ತಿನಲ್ಲೂ ಅದೇ ಮಾತಾದರೆ ಮುಂದೆ ಹೇಳುವ ರಿಪೇರಿ ಇನ್‌ಸ್ಟಾಲ್ ಒಂದೇ ದಾರಿ.

ಇಲ್ಲೊಂದು ಮಾತು. ಪವರ್‌ಶೆಲ್‌ನಲ್ಲಿ (ಕಮಾಂಡ್ ಕೊಡುವ ಇನ್ನೊಂದು ಕಿಟಕಿ) ಅಂಟಿಸಿ ಎಂದು ಎರಡು ಸಾಲು ಉದ್ದದ, ಎಲ್ಲ ಆ್ಯಪ್‌ಗಳನ್ನು ಮತ್ತೆ ರಿಜಿಸ್ಟರ್ ಮಾಡುವ ಒಂದು ಕಮಾಂಡ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಅದನ್ನು ಮೊದಲ ಮದ್ದಾಗಿ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಡಿಸ್ಕಿನಲ್ಲಿ ಏನಿದೆಯೋ ಅದನ್ನೇ ಅದು ಮತ್ತೆ ನೋಂದಾಯಿಸುತ್ತದೆ ಅಷ್ಟೇ. ಹಾಳಾದ ಫೈಲನ್ನು ಸರಿಮಾಡುವುದಿಲ್ಲ. ಪರದೆ ತುಂಬ ಕೆಂಪು ಸಾಲು ಬಂದು ಜನ ಹೆದರುತ್ತಾರೆ. ಹೆಚ್ಚಿನವು ಆ್ಯಪ್ ಈಗ ಬಳಕೆಯಲ್ಲಿದೆ ಎಂದು ಹೇಳುವ ಸಾಲುಗಳು ಮಾತ್ರ.

ಅಕೌಂಟಿನ ತಪ್ಪೋ, ಮಷೀನಿನ ತಪ್ಪೋ

ಹೊಸ ಯೂಸರ್ ಮಾಡಿ ನೋಡುವುದು ಈ ಇಡೀ ವಿಷಯದಲ್ಲಿ ಅತ್ಯಂತ ನಂಬಬಹುದಾದ ಪರೀಕ್ಷೆ. ಮೇಲೆ ಹೇಳಿದಂತೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಪ್ಪು ಕಿಟಕಿಯಲ್ಲಿ ನೆಟ್, ಸ್ಪೇಸ್, ಯೂಸರ್, ಸ್ಪೇಸ್, ಟೆಸ್ಟ್, ಸ್ಪೇಸ್, ಸ್ಲ್ಯಾಶ್ ಆ್ಯಡ್ ಎಂದು ಟೈಪ್ ಮಾಡಿ. ಟೆಸ್ಟ್ ಎಂಬ ಹೆಸರಿನ, ಪಾಸ್‌ವರ್ಡ್ ಇಲ್ಲದ ಅಕೌಂಟ್ ಆಗುತ್ತದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಸೈನ್ ಔಟ್ ಮಾಡಿ ಅದರೊಳಗೆ ಹೋಗಿ. ಮೊದಲ ಸಲ ತಯಾರಾಗಲು ನಾಲ್ಕೈದು ನಿಮಿಷ ಬೇಕು.

ಅಲ್ಲಿ ಸ್ಟಾರ್ಟ್ ಸರಿಯಾಗಿ ತೆರೆದರೆ ವಿಂಡೋಸ್ ಸರಿಯಿದೆ, ಹಳೆಯ ಅಕೌಂಟಿನ ಒಳಗಿನ ಯಾವುದೋ ಫೈಲ್ ಕೆಟ್ಟಿದೆ. ವಿಂಡೋಸ್ 11ರಲ್ಲಿ ಆ ಫೈಲ್ ಯಾವುದೆಂದು ಊಹಿಸುವುದು ಕಷ್ಟವಲ್ಲ. ಹಳೆಯ ಅಕೌಂಟಿಗೆ ವಾಪಸ್ ಬನ್ನಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಪರ್ಸೆಂಟ್ ಚಿಹ್ನೆ, ಲೋಕಲ್‌ಆ್ಯಪ್‌ಡೇಟಾ ಒಂದೇ ಪದವಾಗಿ, ಮತ್ತೆ ಪರ್ಸೆಂಟ್ ಚಿಹ್ನೆ ಹಾಕಿ ಎಂಟರ್ ಒತ್ತಿ. ಪ್ಯಾಕೇಜಸ್ ಫೋಲ್ಡರ್ ತೆರೆಯಿರಿ. ಅಲ್ಲಿ ಮೈಕ್ರೋಸಾಫ್ಟ್ ಡಾಟ್ ವಿಂಡೋಸ್ ಡಾಟ್ ಸ್ಟಾರ್ಟ್‌ಮೆನು ಎಕ್ಸ್‌ಪೀರಿಯೆನ್ಸ್ ಹೋಸ್ಟ್ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ಫೋಲ್ಡರ್ ಇದೆ. ಅದರೊಳಗೆ ಲೋಕಲ್‌ಸ್ಟೇಟ್, ಅದರೊಳಗೆ ಸ್ಟಾರ್ಟ್2 ಎಂಬ ಬಿನ್ ಫೈಲ್. ನೀವು ಸ್ಟಾರ್ಟ್‌ನಲ್ಲಿ ಪಿನ್ ಮಾಡಿಟ್ಟ ಆ್ಯಪ್‌ಗಳ ಪಟ್ಟಿ ಇರುವುದು ಇದರಲ್ಲೇ. ಅದನ್ನು ಅಳಿಸಬೇಡಿ, ಹೆಸರಿನ ಕೊನೆಗೆ ಓಲ್ಡ್ ಎಂದು ಸೇರಿಸಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಿಂದ ಸ್ಟಾರ್ಟ್‌ನ ಪ್ರೋಸೆಸ್ ಮುಗಿಸಿ. ಫೈಲ್ ಹೊಸದಾಗಿ ಹುಟ್ಟುತ್ತದೆ, ಪಿನ್‌ಗಳು ಹೊಸ ಮಷೀನ್ ಕೊಂಡಾಗ ಇದ್ದ ಹಾಗೆ ಆಗುತ್ತವೆ. ಪಿನ್‌ಗಳು ಹೋಗುವುದಷ್ಟೇ ನಷ್ಟ.

ಅದೂ ಫಲಿಸದಿದ್ದರೆ, ಅಥವಾ ವಿಂಡೋಸ್ 10 ಆಗಿದ್ದರೆ, ಹೊಸ ಅಕೌಂಟಿಗೆ ವಾಸ ಬದಲಿಸುವುದೇ ಮೇಲು. ಅದೇ ಕಪ್ಪು ಕಿಟಕಿಯಲ್ಲಿ ನೆಟ್ ಯೂಸರ್ ಕಮಾಂಡ್ ಮತ್ತೆ ಓಡಿಸಿ, ಟೆಸ್ಟ್ ಎಂಬಲ್ಲಿ ನಿಮಗೆ ಬೇಕಾದ ಹೆಸರು ಕೊಡಿ. ಆಮೇಲೆ ನೆಟ್, ಸ್ಪೇಸ್, ಲೋಕಲ್‌ಗ್ರೂಪ್, ಸ್ಪೇಸ್, ಅಡ್ಮಿನಿಸ್ಟ್ರೇಟರ್ಸ್, ಸ್ಪೇಸ್, ಅದೇ ಹೆಸರು, ಸ್ಪೇಸ್, ಸ್ಲ್ಯಾಶ್ ಆ್ಯಡ್ ಎಂದು ಕೊಟ್ಟರೆ ಅದಕ್ಕೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಬರುತ್ತದೆ. ಹೊಸ ಅಕೌಂಟಿನಿಂದ ಸಿ ಡ್ರೈವ್, ಯೂಸರ್ಸ್, ಹಳೆಯ ಹೆಸರಿನ ಫೋಲ್ಡರ್ ತೆರೆದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇವುಗಳನ್ನು ಕಾಪಿ ಮಾಡಿಕೊಳ್ಳಿ, ಕಟ್ ಮಾಡಬೇಡಿ. ಆ್ಯಪ್‌ಡೇಟಾ ಫೋಲ್ಡರನ್ನು ಇಡಿಯಾಗಿ ತಂದರೆ ಕಾಯಿಲೆಯೂ ಜೊತೆಗೇ ಬರುತ್ತದೆ. ಬ್ರೌಸರಿನ ಪಾಸ್‌ವರ್ಡ್, ಬುಕ್‌ಮಾರ್ಕ್ ಸಿಂಕ್ ಆಗಿದೆಯೇ ಎಂದು ಹಳೆಯದರಲ್ಲೇ ನೋಡಿಕೊಳ್ಳಿ. ಒಂದು ತಿಂಗಳು ಹಳೆಯ ಅಕೌಂಟನ್ನು ಹಾಗೇ ಬಿಡಿ, ನೆನಪಾಗದ ಒಂದಾದರೂ ಫೈಲ್ ಅಲ್ಲಿ ಉಳಿದೇ ಇರುತ್ತದೆ.

ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ

ಮೈಕ್ರೋಸಾಫ್ಟ್ ಕಡೆಯಿಂದಲೇ ಆದ ತಪ್ಪುಗಳೂ ಇವೆ. 2025ರ ಕೊನೆಯಲ್ಲಿ ಅವರೇ ಒಪ್ಪಿಕೊಂಡಂತೆ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಅಪ್‌ಡೇಟ್ ನಂತರದ ಮೊದಲ ಲಾಗಿನ್ ಹೊತ್ತಿಗೆ ಸ್ಟಾರ್ಟ್‌ಗೆ ಬೇಕಾದ ಕೆಲವು ಪ್ಯಾಕೇಜ್‌ಗಳು ವೇಳೆಗೆ ಸರಿಯಾಗಿ ನೋಂದಣಿಯಾಗದೆ ಮೆನು ಬೀಳುತ್ತಿತ್ತು. ಇಂಥದ್ದಕ್ಕೆ ಒಮ್ಮೆ ಸೈನ್ ಔಟ್ ಮಾಡಿ, ಐದು ನಿಮಿಷ ಬಿಟ್ಟು ಒಳಗೆ ಬಂದು ನೋಡಿ. ಆಗದಿದ್ದರೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ದಾರಿಯಲ್ಲಿ ಹೋಗಿ ಕೊನೆಯ ಅಪ್‌ಡೇಟ್ ತೆಗೆಯಿರಿ. ರಿಸ್ಟೋರ್ ಪಾಯಿಂಟ್ (ವಿಂಡೋಸ್ ಮೊದಲೇ ಉಳಿಸಿಟ್ಟ ತನ್ನ ಸ್ಥಿತಿ) ಇದ್ದರೆ ವಿಂಡೋಸ್ ಕೀ ಮತ್ತು ಆರ್ ಒತ್ತಿ ಆರ್-ಎಸ್-ಟಿ-ಆರ್-ಯು-ಐ ಎಂದು ಕೊಟ್ಟರೆ ಹಿಂದಿನ ದಿನಾಂಕಕ್ಕೆ ಮರಳಬಹುದು, ದಾಖಲೆಗಳಿಗೆ ಧಕ್ಕೆ ಇಲ್ಲ. ಸ್ಟಾರ್ಟ್‌ನ ರೂಪ ಬದಲಿಸುವ ಬೇರೆಯವರ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಅಪ್‌ಡೇಟ್ ತೆಗೆಯುವ ಮೊದಲು ಅದನ್ನು ತೆಗೆಯಿರಿ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಮೊದಲು ಮುರಿಯುವುದು ಅಂಥವೇ.

ಸೇಫ್ ಮೋಡ್, ರಿಕವರಿ ಪರದೆ ಎಂದು ಒಳಗೆ ಹೋಗುವುದಾದರೆ ಒಂದು ಎಚ್ಚರಿಕೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್‌ನಿಂದ ಲಾಕ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ರಿಕವರಿ ಪರದೆ 48 ಅಂಕೆಗಳ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಫೋನಿನಿಂದ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ಆ ಕೀ ಇದೆಯೇ ಎಂದು ನೋಡಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಫಾರ್ಮ್ಯಾಟ್ ಬದಲು ರಿಪೇರಿ ಇನ್‌ಸ್ಟಾಲ್

ಇಷ್ಟಾದರೂ ಬಗ್ಗದಿದ್ದರೆ ಇರುವ ವಿಂಡೋಸ್ ಮೇಲೆಯೇ ಅದೇ ವಿಂಡೋಸನ್ನು ಮತ್ತೆ ಕೂರಿಸಬಹುದು. ಸಾಫ್ಟ್‌ವೇರ್, ಫೈಲ್ ಎಲ್ಲ ಉಳಿಯುತ್ತವೆ. ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ ವಿಂಡೋಸ್ ಅಪ್‌ಡೇಟ್ ಬಳಸಿ ತೊಂದರೆ ಸರಿಪಡಿಸುವ ರೀಇನ್‌ಸ್ಟಾಲ್ ನೌ ಬಟನ್ ಇದೆ. ಅದರ ಪಕ್ಕದ ರೀಸೆಟ್ ದಿಸ್ ಪಿಸಿ ಬೇರೆ. ಅದರಲ್ಲಿ ಕೀಪ್ ಮೈ ಫೈಲ್ಸ್ ಆರಿಸಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹೋಗುತ್ತದೆ.

ಆ ಬಟನ್ ಇಲ್ಲದಿದ್ದರೆ ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ ಫೈಲ್ (ಇಡೀ ವಿಂಡೋಸ್ ಇರುವ ಒಂದೇ ಫೈಲ್) ಇಳಿಸಿಕೊಳ್ಳಿ. ಐದಾರು ಜಿಬಿ ಇರುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಸಾಲದು. ಫೈಬರ್ ಇರುವ ಕಡೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರುವುದು ನಮ್ಮ ಕಡೆಯ ಮಾಮೂಲಿ ಉಪಾಯ. ಆದರೆ ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಖಾಲಿ ಜಾಗ ಎಷ್ಟಿದ್ದರೂ. ಮೊದಲೇ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಇಲ್ಲವಾದರೆ ಹೊನ್ನಾವರಕ್ಕೆ ಹೋಗಿ ಬಂದದ್ದು ದಂಡ.

ಐಎಸ್‌ಒ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಳಗಿನ ಸೆಟಪ್ ಓಡಿಸಿ. ವಿಂಡೋಸ್ ಓಡುತ್ತಿರುವಾಗಲೇ ಇದನ್ನು ಮಾಡಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಸಾಫ್ಟ್‌ವೇರ್ ಉಳಿಸಿಕೊಳ್ಳುವ ಆಯ್ಕೆ ಸಿಗುವುದಿಲ್ಲ. ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್ ಎಂಬುದಕ್ಕೆ ಗುರುತು ಇದೆಯೇ ನೋಡಿ. ಅದು ಮಸುಕಾಗಿ ಒತ್ತಲು ಬಾರದಿದ್ದರೆ ಅಲ್ಲೇ ನಿಲ್ಲಿಸಿ. ಭಾಷೆ ಹೊಂದಿಲ್ಲ ಎನ್ನುವುದು ಅದಕ್ಕೆ ಸಾಮಾನ್ಯ ಕಾರಣ: ಮಷೀನಿನಲ್ಲಿ ಇರುವುದು ಅಮೆರಿಕದ ಇಂಗ್ಲಿಷ್, ಇಳಿಸಿದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್, ಅಥವಾ ಅದರ ತಿರುಗಾಮುರುಗಾ. ಯಾವುದಿದೆ ಎಂದು ತಿಳಿಯಲು ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಗೆಟ್ ಹೈಫನ್ ಐ-ಎನ್-ಟಿ-ಎಲ್ ಕೊಟ್ಟು ಸಿಸ್ಟಮ್ ಯುಐ ಲ್ಯಾಂಗ್ವೇಜ್ ಸಾಲು ನೋಡಿ. ಕೆಲಸಕ್ಕೆ ಎಸ್‌ಎಸ್‌ಡಿಯಲ್ಲಿ ಒಂದೆರಡು ಗಂಟೆ, ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅರ್ಧ ದಿನ ಬೇಕು. ಏನೇ ಆಗಲಿ, ಟ್ಯಾಲಿ ಡೇಟಾ ಮತ್ತು ದಾಖಲೆಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇಟ್ಟೇ ಶುರುಮಾಡಿ.

ಸರಿಮಾಡಿದ್ದು ವಾರದಲ್ಲಿ ಮತ್ತೆ ಕೆಟ್ಟರೆ

ಆಗ ಸಾಫ್ಟ್‌ವೇರ್ ಬಿಟ್ಟು ಯಂತ್ರವನ್ನು ನೋಡಿ. ಘಟ್ಟದ ಕೆಳಗಿನ ಉಪ್ಪುಗಾಳಿಗೆ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗುತ್ತವೆ, ಸಂಪರ್ಕ ಆಗಾಗ ತಪ್ಪುತ್ತದೆ, ಡಿಸ್ಕಿಗೆ ತಪ್ಪು ಮಾಹಿತಿ ಬರೆಯಲ್ಪಡುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ, ಕಡ್ಡಿ ತೆಗೆದು ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಪಟ್ಟಿಗಳನ್ನು ಒಂದೇ ದಿಕ್ಕಿನಲ್ಲಿ ನಾಲ್ಕು ಸಲ ಉಜ್ಜಿ, ಚೂರುಗಳನ್ನು ಬ್ರಶ್‌ನಿಂದ ಝಾಡಿಸಿ, ಟಕ್ ಎಂದು ಎರಡೂ ಕಡೆ ಕೂರುವವರೆಗೆ ಒತ್ತಿ. ಆಮೇಲೆ ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂ-ಡಿ-ಎಸ್-ಸಿ-ಎಚ್-ಇ-ಡಿ ಕೊಟ್ಟರೆ ಮೆಮೊರಿ ಪರೀಕ್ಷೆ ಓಡುತ್ತದೆ. ಒಂದೇ ಒಂದು ದೋಷ ಸಿಕ್ಕರೂ ಆ ಕಡ್ಡಿ ಬದಲಿಸುವುದೇ ಸರಿ. ಮಷೀನ್ ಆನ್ ಮಾಡಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗಿರುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ತಾರೀಕು ತಪ್ಪಿದರೆ ಅಪ್‌ಡೇಟ್ ಇಳಿಯುವುದಿಲ್ಲ.

ಇನ್ನು ಯುಪಿಎಸ್. ಸಾಮಾನ್ಯ 600 ವಿಎ ಯುಪಿಎಸ್ ಒಳಗೆ ಇರುವುದು 12 ವೋಲ್ಟ್, 7 ಆ್ಯಂಪಿಯರ್-ಅವರ್ ಬ್ಯಾಟರಿ. ಹೊಸದಿದ್ದಾಗ ಒಂದು ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಹಿಡಿದೀತು, ಎರಡು ಮೂರು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಪರೀಕ್ಷೆಗೆ ಕಂಪ್ಯೂಟರ್ ಬದಲು 100 ವ್ಯಾಟಿನ ಹಳೆಯ ಬಲ್ಬ್ ಸಿಗಿಸಿ ಮೇನ್ಸ್ ತೆಗೆಯಿರಿ. ಐದು ನಿಮಿಷದೊಳಗೆ ಆರಿದರೆ ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಬ್ಯಾಟರಿ ಬದಲಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಕೊಡಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ಬಿದ್ದು ಕಂಪ್ಯೂಟರೂ ಆರುತ್ತದೆ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಹಿಂಬದಿ ನೋಡಿ: ಯುಪಿಎಸ್, ಇಕೋ ಎಂಬ ಎರಡು ಗುರುತಿನ ಸ್ವಿಚ್ ಇದ್ದರೆ ಅದು ಯುಪಿಎಸ್ ಕಡೆ ಇರಬೇಕು. ಇಕೋದಲ್ಲಿ ಲೈನಿನಿಂದ ಬ್ಯಾಟರಿಗೆ ಹೊರಳುವುದು ನಿಧಾನ. ಟ್ಯೂಬ್‌ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ.